ಕಂಬವಿಲ್ಲದ ಮಂಟಪ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವ ಕರಾವಳಿಯಲ್ಲಿ ಉತ್ತರ ಕ್ಯಾರೊಲೈನಾ ಎಂಬ ರಾಜ್ಯವಿದೆ. ಹೊಗೆಸೊಪ್ಪು, ಹತ್ತಿ, ಮುಸುಕಿನ ಜೋಳಗಳು ಅಲ್ಲಿಯ ಮಣ್ಣಿನ ಹಳೆಯ ಬೆಳೆಗಳು. ರಾಜಧಾನಿಯಾದ ರಾಲೀ ನಗರದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ ದೊಡ್ಡದೊಂದು ಜಾತ್ರೆ ನೆರೆಯುವುದು ವಾಡಿಕೆ. ದೇವರಿಲ್ಲದ, ತೇರಿಲ್ಲದ ಜಾತ್ರೆ ಅದು. ರೈತರು ತಾವು ಬೆಳೆದ ಕುಂಬಳಕಾಯಿಯನ್ನೂ ಸಾಕಿದ ಹೋರಿಯನ್ನೂ ಹಂದಿ ಕುರಿಗಳನ್ನೂ ತಂದು ನಿಲ್ಲಿಸುತ್ತಾರೆ. ಗೃಹಿಣಿಯರು ತಾವು ಕಾಸಿದ ಹಣ್ಣಿನ ಪಾಕವನ್ನು ಮುಂದಿಡುತ್ತಾರೆ. ತೀರ್ಪುಗಾರರು ಗುಣದೋಷಗಳನ್ನು ನೋಡಿ ಬಹುಮಾನ ಕೊಡುತ್ತಾರೆ. 1853ರಲ್ಲಿ ಮೊದಲಾದ ಈ ಜಾತ್ರೆ 1928ರಲ್ಲಿ ಈಗಿನ ಮೈದಾನಕ್ಕೆ ಬಂದು ನೆಲೆಸಿತು.

ಆ ಮೈದಾನಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಒಂದು ವಿಚಿತ್ರವಾದ ಕಟ್ಟಡ. ದೂರದಿಂದ ನೋಡಿದರೆ ಯಾವುದೋ ದೈತ್ಯಾಶ್ವದ ಬೆನ್ನಿನಿಂದ ಇಳಿಸಿ ನೆಲದ ಮೇಲಿಟ್ಟ ಜೀನಿನಂತೆ ಅದು ಕಾಣುತ್ತದೆ. ಎರಡು ಬೃಹತ್ ಕಾಂಕ್ರೀಟು ಕಮಾನುಗಳು ಎದುರುಬದುರಾಗಿ ಹೊರಕ್ಕೆ ವಾಲಿಕೊಂಡಿವೆ. ಅವುಗಳ ನೆತ್ತಿ ನೆಲದಿಂದ ಸುಮಾರು 90 ಅಡಿ ಎತ್ತರ. ನೆತ್ತಿಯಿಂದ ಇಳಿದು ಬರುವ ಅವುಗಳ ತೋಳುಗಳು ನೆಲ ಸಮೀಪಿಸುತ್ತಿದ್ದಂತೆ ಒಂದನ್ನೊಂದು ಕತ್ತರಿಸಿ ಮಣ್ಣಿನೊಳಗೆ ಮರೆಯಾಗುತ್ತವೆ. ಕಮಾನುಗಳ ನಡುವೆ ತೆಳುವಾದ ಚಾವಣಿಯೊಂದು ಜೋಲಿಯಂತೆ ತೂಗಿಕೊಂಡಿದೆ. ಕೆಳಗೆ ಸುತ್ತಲೂ ಗಾಜಿನ ಗೋಡೆ. ಒಳಗೆ ಕಾಲಿಟ್ಟರೆ ಸುಮಾರು 300 ಅಡಿ ಅಗಲದ ಬಯಲು. ಆ ಬಯಲಿನ ನಡುವೆ ಒಂದು ಕಂಬವೂ ಇಲ್ಲ.

ಇದೇ ಡಾರ್ಟನ್ ಅರೀನಾ. ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ಕುಸ್ತಿ, ಸರ್ಕಸ್ಸು, ಸಂಗೀತ, ಚುನಾವಣೆಯ ಭಾಷಣ ಎಲ್ಲವೂ ಇದರ ಸೂರಿನ ಕೆಳಗೆ ನಡೆದಿವೆ. ಆದರೆ ಇದನ್ನು ಕಟ್ಟಿದ್ದು ಇವಾವುದಕ್ಕೂ ಅಲ್ಲ, ದನಕರುಗಳ ಪ್ರದರ್ಶನಕ್ಕೆ! ಹಾಗಿದ್ದೂ ಜಗತ್ತಿನ ಎಷ್ಟೋ ಕ್ರೀಡಾಭವನಗಳು ಇದರಿಂದ ಪಾಠ ಕಲಿತಿವೆ. ಇದನ್ನು ಕಲ್ಪಿಸಿದ ಮನುಷ್ಯನೋ ಇದರ ಒಂದು ಕಮಾನು ಮೇಲೇಳುವುದನ್ನೂ ಕಾಣಲಿಲ್ಲ. ಆತನ ಕೊನೆಯ ದುಡಿಮೆ ಸಂದದ್ದು ಭಾರತಕ್ಕೆ.

ಕಂಬದ ಕಷ್ಟ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾಲೀಯ ಜಾತ್ರೆಯ ಅಧಿಕಾರಿಗಳಿಗೆ ಹೊಸ ಮಂಟಪವೊಂದನ್ನು ಕಟ್ಟುವ ಹವಣಿಕೆ ಹುಟ್ಟಿತು. ಹೋರಿಗಳನ್ನು ಹಿಡಿದು ಸುತ್ತು ಬರಿಸಲು ನಡುವೆ ವಿಶಾಲವಾದ ಅಂಗಳ ಬೇಕು. ಸುತ್ತಲೂ ಸಾವಿರಾರು ಜನ ಕುಳಿತು ನೋಡುವಂತಿರಬೇಕು. ಬಿಸಿಲು ಮಳೆಗಳಿಗೆ ಮೇಲೊಂದು ಮರೆ ಇರಬೇಕು. ಈ ಮೂರು ಬೇಡಿಕೆಗಳನ್ನು ಬೇರೆ ಬೇರೆಯಾಗಿ ಪೂರೈಸುವುದು ಸುಲಭ. ಮೂರನ್ನೂ ಒಟ್ಟಿಗೆ ಪೂರೈಸುವುದೇ ಕಷ್ಟ. ಅಂಗಳ ಅಗಲವಾದಷ್ಟೂ ಚಾವಣಿಯ ಭಾರ ಹೆಚ್ಚುತ್ತದೆ. ಭಾರ ಹೊರಲು ಕಂಬ ಬೇಕು. ಕಂಬ ಬಂದರೆ ನೋಟ ಕೆಡುತ್ತದೆ. ಹಿಂದೆ ಟೆಂಟು ಸಿನಿಮಾದಲ್ಲಿ ಕಂಬದ ಹಿಂದೆ ಕುಳಿತು ಕಥಾನಾಯಕನ ಅರ್ಧ ಮುಖವನ್ನಷ್ಟೇ ಕಂಡು ಮನೆಗೆ ಮರಳಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಕಾಲದ ಶಿಲ್ಪಿಗಳು ಈ ತೊಡಕನ್ನು ಗುಮ್ಮಟದಿಂದ ಬಿಡಿಸಿದರು. ವಿಜಾಪುರದ ಗೋಲ ಗುಮ್ಮಟವನ್ನು ಕಂಡವರಿಗೆ ಅದರ ಗುಟ್ಟು ಗೊತ್ತು: ನಡುವೆ ಕಂಬವಿಲ್ಲ, ನಿಜ, ಆದರೆ ಗುಮ್ಮಟದ ಭಾರವನ್ನು ತಡೆಯಲು ಸುತ್ತಲೂ ಎಂಥ ಗೋಡೆಗಳು! ಕಲ್ಲಿಗೆ ತಿಳಿದಿರುವುದು ಒತ್ತುವುದೊಂದೇ. ಒತ್ತಡವನ್ನು ಒತ್ತಡದಿಂದಲೇ ಎದುರಿಸಬೇಕಾದರೆ ದಪ್ಪ ಗೋಡೆ ಅನಿವಾರ್ಯ. ರಾಲೀಯ ಮಂಟಪವನ್ನು ಕಲ್ಪಿಸಿದ ವಾಸ್ತುಶಿಲ್ಪಿ ಬೇರೊಂದು ದಾರಿ ಹಿಡಿದನು. ಚಾವಣಿಯನ್ನು ಕೆಳಗಿನಿಂದ ಹೊರುವುದರ ಬದಲು ಮೇಲಿನಿಂದ ತೂಗಿಬಿಟ್ಟರೆ ಹೇಗೆ? ಒತ್ತುವುದರ ಬದಲು ಎಳೆದರೆ ಹೇಗೆ?

ಎಳೆತಕ್ಕೆ ಉಕ್ಕಿನಷ್ಟು ಒಗ್ಗುವ ವಸ್ತು ಅಪರೂಪ. ತೆಳುವಾದ ಉಕ್ಕಿನ ಹಗ್ಗವೊಂದು ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾರವನ್ನು ತಡೆದುಕೊಳ್ಳಬಲ್ಲದು. ತೂಗುಸೇತುವೆಗಳು ನಿಂತಿರುವುದು ಇದೇ ಬಲದ ಮೇಲೆ. ಆದರೆ ಸೇತುವೆಯ ಹಗ್ಗವನ್ನು ಕಟ್ಟಲು ಎರಡು ದಡಗಳಿರುತ್ತವೆ. ಬಯಲಿನ ನಡುವಿನ ಮಂಟಪಕ್ಕೆ ದಡ ಎಲ್ಲಿಂದ ಬರಬೇಕು? ಆ ದಡಗಳೇ ಹೊರಕ್ಕೆ ವಾಲಿದ ಎರಡು ಕಮಾನುಗಳು.

ಕೈ ಹಿಡಿದು ವಾಲುವ ಆಟ

ಇಬ್ಬರು ಹುಡುಗಿಯರು ಎದುರುಬದುರಾಗಿ ನಿಂತು, ಕೈ ಕೈ ಹಿಡಿದು, ಹಿಂದಕ್ಕೆ ವಾಲಿ ಗಿರಗಿರನೆ ತಿರುಗುವ ಆಟವನ್ನು ಯಾರು ನೋಡಿಲ್ಲ? ಒಬ್ಬಳು ಕೈಬಿಟ್ಟರೆ ಇಬ್ಬರೂ ಬೀಳುತ್ತಾರೆ. ಹಿಡಿದಿರುವಷ್ಟು ಹೊತ್ತು ಇಬ್ಬರಿಗೂ ಭಯವಿಲ್ಲ. ಡಾರ್ಟನ್ ಅರೀನಾದ ಕಮಾನುಗಳ ಸ್ಥಿತಿಯೂ ಹೀಗೆಯೇ. ಎರಡೂ ತಮ್ಮ ಭಾರದಿಂದ ಹೊರಕ್ಕೆ ಬೀಳಲು ಹವಣಿಸುತ್ತವೆ. ನಡುವೆ ಬಿಗಿದ ಉಕ್ಕಿನ ಹಗ್ಗಗಳು ಅವನ್ನು ಒಳಕ್ಕೆ ಎಳೆದು ಹಿಡಿದಿವೆ. ಕಮಾನುಗಳ ವಾಲುವಿಕೆಯಿಂದ ಹಗ್ಗ ಬಿಗಿಯಾಗುತ್ತದೆ, ಹಗ್ಗದ ಬಿಗಿತದಿಂದ ಕಮಾನು ನಿಲ್ಲುತ್ತದೆ. ಇನ್ನುಳಿದ ಭಾರವನ್ನು ಹೊರಲು ಹೊರ ಅಂಚಿನಲ್ಲಿ ಸಾಲಾಗಿ ಸಣ್ಣ ಕಂಬಗಳಿವೆ. ಗಾಜಿನ ಗೋಡೆಗೆ ಚೌಕಟ್ಟಾಗಿ ನಿಂತಿರುವುದೂ ಅವೇ. ಅಂಚಿನಲ್ಲಿರುವುದರಿಂದ ಅವು ಯಾರ ನೋಟಕ್ಕೂ ಅಡ್ಡ ಬರುವುದಿಲ್ಲ.

ಚಾವಣಿಯ ನೇಯ್ಗೆ ಹಗ್ಗದ ಮಂಚದ ನೇಯ್ಗೆಯನ್ನು ಹೋಲುತ್ತದೆ. ಕಮಾನಿನಿಂದ ಕಮಾನಿಗೆ ಹಾಯುವ ಹಗ್ಗಗಳು ನಡುವೆ ಕೆಳಕ್ಕೆ ಜೋಲುತ್ತವೆ. ಚಾವಣಿಯ ಭಾರ ಹೊರುವುದು ಅವುಗಳ ಪಾಲಿನ ಕೆಲಸ. ಅವುಗಳಿಗೆ ಅಡ್ಡಲಾಗಿ ಹಾಯುವ ಹಗ್ಗಗಳು ನಡುವೆ ಮೇಲಕ್ಕೆ ಬಾಗಿ, ಮೊದಲನೆಯವನ್ನು ಕೆಳಕ್ಕೆ ಅದುಮಿ ಹಿಡಿಯುತ್ತವೆ. ಒಂದು ದಿಕ್ಕಿನಲ್ಲಿ ತಗ್ಗು, ಇನ್ನೊಂದು ದಿಕ್ಕಿನಲ್ಲಿ ಉಬ್ಬು. ಕುದುರೆಯ ಜೀನಿನ ಆಕಾರ ಬಂದದ್ದು ಅಲಂಕಾರದ ಹಂಬಲದಿಂದಲ್ಲ, ಈ ಅಗತ್ಯದಿಂದ.

ಹಗುರವಾದ ಚಾವಣಿಗೆ ತನ್ನದೇ ಆದ ಶತ್ರು ಒಂದಿದೆ, ಅದು ಗಾಳಿ. ಭಾರವಾದ ಚಾವಣಿ ಕುಸಿದೀತೆಂಬ ಭಯವಾದರೆ ಹಗುರವಾದದ್ದು ಹಾರಿಹೋದೀತೆಂಬ ಭಯ. ಮೇಲೆ ಬೀಸುವ ಗಾಳಿ ಚಾವಣಿಯನ್ನು ಹೀರಿ ಎತ್ತುತ್ತದೆ; ಬಿಟ್ಟಾಗ ಅದು ಬಟ್ಟೆಯಂತೆ ಅದುರತೊಡಗುತ್ತದೆ. ಅದುಮಿ ಹಿಡಿಯುವ ಅಡ್ಡ ಹಗ್ಗಗಳ ಜೊತೆಗೆ, ಒಳಗಿನಿಂದಲೂ ತಂತಿಗಳನ್ನು ಬಿಗಿದು ಅಂಚಿನ ಕಂಬಗಳಿಗೆ ಕಟ್ಟಿ ಆ ಅದುರಾಟವನ್ನು ತಡೆಯಲಾಯಿತು.

ಕಮಾನುಗಳ ಕಾಲುಗಳದು ಬೇರೊಂದು ಕತೆ. ಬಿಲ್ಲನ್ನು ನೆಲಕ್ಕೆ ಊರಿ ಅದುಮಿದರೆ ಅದರ ತುದಿಗಳು ಆಚೆಗೆ ಈಚೆಗೆ ಜಾರುವಂತೆ ಕಮಾನಿನ ಕಾಲುಗಳೂ ಜಾರಲು ನೋಡುತ್ತವೆ. ಬಿಲ್ಲಿಗೆ ಹೆದೆ ಕಟ್ಟಿದರೆ ತುದಿಗಳು ಅಲುಗವು. ಇಲ್ಲಿಯೂ ನೆಲದಡಿಯಲ್ಲಿ ಕಾಲಿನಿಂದ ಕಾಲಿಗೆ ಉಕ್ಕಿನ ಹೆದೆಯನ್ನು ಬಿಗಿದಿದ್ದಾರೆ. ನೋಡುವವರಿಗೆ ಬಿಲ್ಲು ಮಾತ್ರ ಕಾಣುತ್ತದೆ. ಹೆದೆ ಮಣ್ಣಿನ ಕೆಳಗಿದೆ.

ಇಷ್ಟಾದರೂ ಈ ಕಟ್ಟಡದ ಮೂಲ ಇಂಜಿನಿಯರ ಲೆಕ್ಕದಲ್ಲಿಲ್ಲ, ಪ್ರೇಕ್ಷಕನ ಕಣ್ಣಿನಲ್ಲಿದೆ. ಎಲ್ಲಿಯಾದರೂ ಆಟ ನಡೆಯುವಾಗ ಜನ ತಾವಾಗಿಯೇ ಹೇಗೆ ನೆರೆಯುತ್ತಾರೆ? ಅಂಗಳದ ಎರಡು ಮಗ್ಗುಲುಗಳ ನಡುಭಾಗದಲ್ಲಿ ದಟ್ಟವಾಗಿ, ಕೊನೆಗಳಲ್ಲಿ ವಿರಳವಾಗಿ. ಆದ್ದರಿಂದ ಆಸನಗಳ ಸಾಲುಗಳೂ ನಡುವೆ ಹೆಚ್ಚು ಎತ್ತರಕ್ಕೇರಿ ಕೊನೆಗಳತ್ತ ಇಳಿಯಬೇಕು. ಆ ಏರಿಳಿತದ ಮೇಲಂಚನ್ನು ಒಂದು ಗೆರೆಯಾಗಿ ಎಳೆದರೆ, ಎಸೆದ ಚೆಂಡು ಗಾಳಿಯಲ್ಲಿ ಏರಿ ಇಳಿಯುವಾಗ ಮೂಡುವಂಥ ವಕ್ರರೇಖೆ, ಗಣಿತಜ್ಞರು ಪರವಲಯವೆಂದು ಕರೆಯುವ ರೇಖೆ, ಮೂಡುತ್ತದೆ. ಅದೇ ಕಮಾನಿನ ರೇಖೆಯೂ ಆಯಿತು. ಜನ ಕುಳಿತುಕೊಳ್ಳುವ ರೀತಿಯೇ ಚಾವಣಿಯ ಆಕಾರವನ್ನು ಗೊತ್ತುಮಾಡಿತು.

ವಾರ್ಸಾದಿಂದ ರಾಲೀಗೆ

ಹೀಗೆ ಯೋಚಿಸಿದವನು ಪೋಲೆಂಡಿನ ಮಾಚೇಯ್ ನೊವಿಟ್ಸ್ಕಿ. ಅಮೆರಿಕದ ಜನರ ಬಾಯಲ್ಲಿ ಮ್ಯಾಥ್ಯೂ ನೊವಿಟ್ಸ್ಕಿ. ಹುಟ್ಟಿದ್ದು 1910ರಲ್ಲಿ, ಸೈಬೀರಿಯಾದ ಚಿಟಾ ಎಂಬ ಊರಿನಲ್ಲಿ. ವಾರ್ಸಾ ನಗರದ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪವನ್ನು ಕಲಿತು 1936ರಲ್ಲಿ ಪದವಿ ಪಡೆದನು. ಪತ್ನಿ ಸ್ಟಾನಿಸ್ಲಾವಾ ಕೂಡ ವಾಸ್ತುಶಿಲ್ಪಿ. ದಂಪತಿಗಳು ಜೊತೆಯಲ್ಲಿಯೇ ದುಡಿದು ಹೆಸರು ಗಳಿಸುತ್ತಿದ್ದ ದಿನಗಳಲ್ಲಿ, 1939ರಲ್ಲಿ, ಜರ್ಮನ್ ಸೈನ್ಯ ಪೋಲೆಂಡಿನೊಳಕ್ಕೆ ನುಗ್ಗಿತು. ಆಕ್ರಮಣಕಾರರು ಪೋಲಿಷ್ ಜನರ ಉನ್ನತ ಶಿಕ್ಷಣಕ್ಕೆ ಬಾಗಿಲು ಮುಚ್ಚಿದರು. ನೊವಿಟ್ಸ್ಕಿ ಗುಟ್ಟಾಗಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದನು. ಯುದ್ಧ ಮುಗಿಯುವ ಹೊತ್ತಿಗೆ ವಾರ್ಸಾ ಬಹುಮಟ್ಟಿಗೆ ಇಟ್ಟಿಗೆಯ ರಾಶಿಯಾಗಿತ್ತು. ಅದನ್ನು ಮತ್ತೆ ಕಟ್ಟುವ ಯೋಜನೆಯಲ್ಲಿ ಅವನೂ ಕೈಗೂಡಿಸಿದನು.

ಮುಂದೆ ಪೋಲೆಂಡ್ ಸರ್ಕಾರದ ಕೆಲಸದ ಮೇಲೆ ಅಮೆರಿಕಕ್ಕೆ ಹೋದನು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಚೇರಿಗೆ ನಕ್ಷೆ ಸಿದ್ಧವಾಗುತ್ತಿದ್ದಾಗ ಸಲಹೆಗಾರರಲ್ಲಿ ಅವನೂ ಒಬ್ಬನಾಗಿದ್ದನು. ಸ್ವದೇಶದ ರಾಜಕೀಯ ಗಾಳಿ ತಿರುಗಿದ ಮೇಲೆ ಅಲ್ಲಿಗೆ ಮರಳದೆ ಅಮೆರಿಕದಲ್ಲಿಯೇ ಉಳಿದನು. 1948ರಲ್ಲಿ ರಾಲೀಯ ಸ್ಟೇಟ್ ಕಾಲೇಜಿನಲ್ಲಿ ಹೊಸದಾಗಿ ತೆರೆದ ವಿನ್ಯಾಸ ಶಾಲೆಗೆ ಅಧ್ಯಾಪಕನಾಗಿ ಬಂದು ವಾಸ್ತುಶಿಲ್ಪ ವಿಭಾಗದ ಹೊಣೆ ಹೊತ್ತನು. ಜಾತ್ರೆಯ ಮೈದಾನದ ಕೆಲಸ ಅವನ ಕೈಗೆ ಬಂದದ್ದು ಅಲ್ಲಿಯೇ. ಊರಿನ ವಾಸ್ತುಶಿಲ್ಪಿ ವಿಲಿಯಂ ಹೆನ್ಲಿ ಡೀಟ್ರಿಕ್ ಅವನ ಸಹೋದ್ಯೋಗಿ. ನಾರ್ವೆಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಫ್ರೆಡ್ ಸೆವೆರುಡ್ ಎಂಜಿನಿಯರು. ತನ್ನ ಕಣ್ಣೆದುರು ಒಂದು ನಗರವೇ ನೆಲಸಮವಾದದ್ದನ್ನು ಕಂಡವನು ಈಗ ಶಾಂತವಾದ ಸಣ್ಣ ಊರೊಂದರಲ್ಲಿ ಕುಳಿತು ರೈತರ ಹೋರಿಗಳಿಗಾಗಿ ಮಂಟಪದ ಚಿತ್ರ ಬರೆಯತೊಡಗಿದನು.

ಚಂಡೀಗಢದ ಕರೆ

ಇದೇ ಹೊತ್ತಿಗೆ ಭಾರತದಲ್ಲಿ ಮತ್ತೊಂದು ನಗರ ಹುಟ್ಟುವುದರಲ್ಲಿತ್ತು. 1947ರ ವಿಭಜನೆಯಲ್ಲಿ ಲಾಹೋರು ಪಾಕಿಸ್ತಾನಕ್ಕೆ ಸೇರಿ, ಭಾರತದ ಪಾಲಿನ ಪಂಜಾಬಿಗೆ ರಾಜಧಾನಿಯೇ ಇಲ್ಲದಂತಾಯಿತು. ಸರ್ಕಾರ ತಾತ್ಕಾಲಿಕವಾಗಿ ಶಿಮ್ಲಾದಲ್ಲಿ ಕುಳಿತುಕೊಂಡು ಹೊಸ ರಾಜಧಾನಿಯ ಕನಸು ಕಾಣತೊಡಗಿತು. ನಗರದ ಯೋಜನೆಯನ್ನು ಒಪ್ಪಿಸಿದ್ದು ಅಮೆರಿಕದ ಆಲ್ಬರ್ಟ್ ಮೇಯರ್ ಎಂಬುವರಿಗೆ. ಉತ್ತರ ಪ್ರದೇಶದ ಇಟಾವಾದಲ್ಲಿ ಗ್ರಾಮಾಭಿವೃದ್ಧಿಯ ಪ್ರಯೋಗ ನಡೆಸಿ ಅವರು ಆ ವೇಳೆಗೆ ಈ ದೇಶಕ್ಕೆ ಪರಿಚಿತರಾಗಿದ್ದರು. ನಗರದ ಕಟ್ಟಡಗಳ ರೂಪವನ್ನು ಚಿತ್ರಿಸಲು ಅವರು ಆರಿಸಿಕೊಂಡದ್ದು ನೊವಿಟ್ಸ್ಕಿಯನ್ನು.

1950ರ ಬೇಸಗೆಯಲ್ಲಿ ನೊವಿಟ್ಸ್ಕಿ ಭಾರತಕ್ಕೆ ಬಂದು ಕೆಲಸಕ್ಕೆ ಕುಳಿತನು. ನಗರವನ್ನು ಅವನು ಎಲೆಯ ಆಕಾರದಲ್ಲಿ ಕಲ್ಪಿಸಿದನು. ಎಲೆಯ ನರಗಳಂತೆ ರಸ್ತೆಗಳು. ನರಗಳ ನಡುವೆ ಮನೆ, ಶಾಲೆ, ಅಂಗಡಿ, ತೋಟಗಳು ಕೂಡಿಕೊಂಡ ಬಡಾವಣೆಗಳು. ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಹೆಂಡತಿ ಮಕ್ಕಳಿದ್ದ ಅಮೆರಿಕಕ್ಕೆ ಹೊರಟನು. ಅವನು ಏರಿದ್ದು ಬೊಂಬಾಯಿಯಿಂದ ನ್ಯೂಯಾರ್ಕಿಗೆ ಹೋಗುವ ವಿಮಾನ. 1950ರ ಆಗಸ್ಟ್ 31ರಂದು ಅದು ಕೈರೋ ನಗರದಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ನಿಗೆ ಬೆಂಕಿ ಹತ್ತಿ ಮರಳುಗಾಡಿನಲ್ಲಿ ಬಿದ್ದಿತು. ವಿಮಾನದಲ್ಲಿದ್ದ 55 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನೊವಿಟ್ಸ್ಕಿಗೆ ಆಗ ನಲವತ್ತು ವರ್ಷ.

ಈ ಸಾವು ಎರಡು ನಗರಗಳ ಹಣೆಬರಹವನ್ನು ಮುಟ್ಟಿತು. ಚಂಡೀಗಢಕ್ಕೆ ಸ್ಥಳದಲ್ಲಿ ನಿಂತು ಕೆಲಸ ನಡೆಸಬಲ್ಲ ವಾಸ್ತುಶಿಲ್ಪಿ ಇಲ್ಲದಂತಾಗಿ, ಪಂಜಾಬಿನ ಅಧಿಕಾರಿಗಳು ಯೂರೋಪಿಗೆ ಹೋಗಿ ಹುಡುಕಿದರು. ಹೀಗೆ ಬಂದವರು ಲ ಕಾರ್ಬ್ಯೂಸಿಯೆ ಮತ್ತು ಅವರ ಸಂಗಡಿಗರು. ಎಲೆಯಾಕಾರದ ಬಳುಕು ರಸ್ತೆಗಳು ನೇರವಾದವು. ಬಡಾವಣೆಗಳ ಕಲ್ಪನೆ ಮಾತ್ರ ಸೆಕ್ಟರುಗಳ ರೂಪದಲ್ಲಿ ಉಳಿದುಕೊಂಡಿತು. ಇಂದು ಚಂಡೀಗಢವನ್ನು ನೋಡಲು ಹೋಗುವವರು ಕೇಳುವುದು ಕಾರ್ಬ್ಯೂಸಿಯೆಯ ಹೆಸರನ್ನು. ನೊವಿಟ್ಸ್ಕಿಯ ಚಿತ್ರಗಳು ಕಾಗದದಿಂದ ಆಚೆಗೆ ಬರಲಿಲ್ಲ.

ರಾಲೀಯ ಪಾಡು ಹಾಗಾಗಲಿಲ್ಲ. ಅಲ್ಲಿ ಡೀಟ್ರಿಕ್ ಮತ್ತು ಸೆವೆರುಡ್ ಗೆಳೆಯನ ನಕ್ಷೆಯನ್ನು ಕೈಬಿಡಲಿಲ್ಲ. ಇಂಥ ಚಾವಣಿಯನ್ನು ಆ ಅಳತೆಯಲ್ಲಿ ಅದುವರೆಗೆ ಯಾರೂ ಕಟ್ಟಿರಲಿಲ್ಲ. ಕಲ್ಪಿಸಿದವನೇ ಇಲ್ಲದಾಗ, ಅಪಾಯವೇಕೆಂದು ನಾಲ್ಕು ಕಂಬ ನಿಲ್ಲಿಸಿ ತಗಡು ಹೊದಿಸಿದ್ದರೆ ಕೇಳುವವರು ಯಾರಿದ್ದರು? ಅವರು ಹಾಗೆ ಮಾಡಲಿಲ್ಲ. 1952ರಲ್ಲಿ ಮಂಟಪ ಸಿದ್ಧವಾಯಿತು. ಮರುವರ್ಷವೇ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅದಕ್ಕೆ ಗೌರವ ನೀಡಿತು. ಬಹುಕಾಲ ಜಾತ್ರೆಯನ್ನು ನಡೆಸಿಕೊಂಡು ಬಂದ ಡಾ. ಜೆ. ಎಸ್. ಡಾರ್ಟನ್ ಅವರ ಹೆಸರನ್ನು 1961ರಲ್ಲಿ ಅದಕ್ಕೆ ಇಟ್ಟರು. ಸ್ಟಾನಿಸ್ಲಾವಾ ನೊವಿಟ್ಸ್ಕಿ ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು.

ಅಂಗಳ ಒಂದು, ಆಟ ಹಲವು

ಕಂಬವಿಲ್ಲದ ಅಂಗಳಕ್ಕೆ ಇನ್ನೊಂದು ಗುಣವಿದೆ. ಅದು ಯಾವ ಕೆಲಸಕ್ಕೂ ಒಲ್ಲೆನೆನ್ನುವುದಿಲ್ಲ. ದನಗಳ ಪ್ರದರ್ಶನ ವರ್ಷಕ್ಕೆ ಕೆಲವೇ ದಿನ. ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿಡುವ ಬದಲು ಮಂಟಪವನ್ನು ಬೇರೆ ಬೇರೆ ಕಾರ್ಯಗಳಿಗೆ ಕೊಡತೊಡಗಿದರು. ಮಣ್ಣಿನ ಮೇಲೆ ಹಲಗೆ ಹಾಸಿದರೆ ಬ್ಯಾಸ್ಕೆಟ್‌ಬಾಲ್ ಅಂಗಳ. ನೀರನ್ನು ಹೆಪ್ಪುಗಟ್ಟಿಸಿದರೆ ಹಾಕಿಯ ಕಣ. ಹಗ್ಗ ಕಟ್ಟಿದರೆ ಕುಸ್ತಿಯ ಅಖಾಡ. 1969ರಿಂದ 1974ರವರೆಗೆ ಇದ್ದ ಕ್ಯಾರೊಲೈನಾ ಕೂಗರ್ಸ್ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡ ರಾಜ್ಯದ ಹಲವು ನಗರಗಳಲ್ಲಿ ಆಡುತ್ತಿತ್ತು. ರಾಲೀಯಲ್ಲಿ ಅದರ ಆಟಗಳಿಗೆ ಈ ಮಂಟಪವೇ ನೆಲೆ. 1991ರಿಂದ 1998ರವರೆಗೆ ರಾಲೀ ಐಸ್‌ಕ್ಯಾಪ್ಸ್ ಎಂಬ ಹಾಕಿ ತಂಡ ಇಲ್ಲಿ ಆಡಿತು. ಹೋರಿಯ ಗೊರಸು ಬಿದ್ದ ನೆಲದ ಮೇಲೆಯೇ ಹಿಮದ ಹಾಸು ಮೂಡಿತು. ಸುಮಾರು ಏಳೂವರೆ ಸಾವಿರ ಜನ ಇಲ್ಲಿ ಸೇರಬಹುದು. ಜಾತ್ರೆ ಬಂದಾಗ ಮಂಟಪ ತನ್ನ ಹಳೆಯ ಒಡೆಯರಾದ ರೈತರಿಗೆ ಮರಳುತ್ತದೆ.

ಇದರಲ್ಲಿ ಕೊರತೆಗಳಿಲ್ಲವೆಂದಲ್ಲ. ಸುತ್ತಲೂ ಗಾಜಿರುವುದರಿಂದ ಬೆಳಕಿನೊಡನೆ ಬಿಸಿಲ ಕಾವೂ ಒಳಗೆ ಬರುತ್ತದೆ. ಸಂಗೀತ ಕಛೇರಿಗೆ ಬೇಕಾದ ಕತ್ತಲನ್ನು ಹಗಲಿನಲ್ಲಿ ತರುವುದು ಸುಲಭವಲ್ಲ. ಇಂದಿನ ವೃತ್ತಿಪರ ಕ್ರೀಡೆಗಳು ಬಯಸುವ ಜನಸಂಖ್ಯೆಗೆ ಇದು ಚಿಕ್ಕದು. 1999ರಲ್ಲಿ ಇದರ ನೆರೆಯಲ್ಲಿಯೇ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಹೊಸ ಕ್ರೀಡಾಭವನ ತಲೆಯೆತ್ತಿತು. ದೊಡ್ಡ ತಂಡಗಳು, ದೊಡ್ಡ ಹಣ ಎರಡೂ ಅಲ್ಲಿಗೆ ಸೇರಿದವು. ಹೊಸದು ಬಂದಾಗ ಹಳೆಯದನ್ನು ಕೆಡವಿಬಿಡುವುದು ಅಮೆರಿಕದ ಕ್ರೀಡಾಭವನಗಳ ಮಟ್ಟಿಗೆ ಸಾಮಾನ್ಯ ಸಂಗತಿ. ಡಾರ್ಟನ್ ಅರೀನಾಕ್ಕೆ ಆ ಗತಿ ಬರಲಿಲ್ಲ. 1973ರಷ್ಟು ಹಿಂದೆಯೇ ಅದರ ಹೆಸರು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತ್ತು. 2002ರಲ್ಲಿ ಅಲ್ಲಿಯ ಸಿವಿಲ್ ಎಂಜಿನಿಯರುಗಳ ಸಂಘವೂ ಅದನ್ನು ಐತಿಹಾಸಿಕ ಮಹತ್ವದ ನಿರ್ಮಾಣವೆಂದು ಗುರುತಿಸಿತು.

ಈ ಮನ್ನಣೆಗೆ ಕಾರಣ ಕಟ್ಟಡದ ವಯಸ್ಸಲ್ಲ, ಅದರ ಸಂತತಿ. 1950–51ರ ಸುಮಾರಿನಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೋಗಿದ್ದ ಫ್ರೈ ಆಟೊ ಎಂಬ ವಿದ್ಯಾರ್ಥಿ ಸೆವೆರುಡ್‌ರ ಕಚೇರಿಯಲ್ಲಿ ರಾಲೀಯ ಮಂಟಪದ ನಕ್ಷೆಗಳನ್ನು ಕಂಡನು. ಊರಿಗೆ ಮರಳಿ ತೂಗುಚಾವಣಿಗಳನ್ನೇ ವಿಷಯವಾಗಿ ಆರಿಸಿಕೊಂಡು ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜೇಡರಬಲೆಯಂತೆ ಹರಡಿಕೊಂಡ ಚಾವಣಿಗಳನ್ನು ಜಗತ್ತು ಬೆರಗಿನಿಂದ ನೋಡಿತಷ್ಟೆ. ಅವನ್ನು ರೂಪಿಸಿದವರಲ್ಲಿ ಆತ ಮುಖ್ಯನು. ಸೆವೆರುಡ್ ಕೂಡ ಸುಮ್ಮನಿರಲಿಲ್ಲ. 1958ರಲ್ಲಿ ಮುಗಿದ ಯೇಲ್ ವಿಶ್ವವಿದ್ಯಾನಿಲಯದ ಹಾಕಿ ಭವನಕ್ಕೂ 1968ರ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೂ ಅವರೇ ಹಗ್ಗದ ಚಾವಣಿಗಳನ್ನು ಹೊಂದಿಸಿದರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗಾಗಿ ಕೆಂಜೊ ಟಾಂಗೆ ಕಟ್ಟಿದ ಯೊಯೊಗಿ ಕ್ರೀಡಾಭವನದ ತೂಗುಚಾವಣಿಯೂ ಇದೇ ಮನೆತನಕ್ಕೆ ಸೇರಿದ್ದು. ಚೆಂಡು ಎಷ್ಟು ಎತ್ತರಕ್ಕೆ ಹಾರಿದರೂ ತಾಗದ, ಎಲ್ಲಿ ಕುಳಿತರೂ ಆಟ ಮರೆಯಾಗದ ಒಳಾಂಗಣಗಳು ಇಂದು ಯಾರಿಗೂ ಸೋಜಿಗವಲ್ಲ. ಸೋಜಿಗವಾಗಿದ್ದ ಕಾಲವೊಂದಿತ್ತೆಂಬುದೂ ಮರೆತುಹೋಗಿದೆ.

ನಲವತ್ತನೆಯ ವಯಸ್ಸಿಗೆ ಮುಗಿದ ಬಾಳಿನಲ್ಲಿ ನೊವಿಟ್ಸ್ಕಿ ಮೂರು ನಗರಗಳಿಗಾಗಿ ಚಿತ್ರ ಬರೆದನು. ವಾರ್ಸಾವನ್ನು ಅವನ ದೇಶಬಾಂಧವರು ತಮ್ಮದೇ ರೀತಿಯಲ್ಲಿ ಮತ್ತೆ ಕಟ್ಟಿಕೊಂಡರು. ಚಂಡೀಗಢ ಬೇರೊಬ್ಬನ ಹೆಸರಿನಲ್ಲಿ ಬೆಳೆಯಿತು. ಅವನದೆಂದು ಹೇಳಿ ತೋರಿಸಲು ರಾಲೀಯ ಮಂಟಪವೊಂದು ನಿಂತಿದೆ. ಅಕ್ಟೋಬರ್ ತಿಂಗಳಿನಲ್ಲಿ ತಂದೆತಾಯಿಗಳ ಕೈ ಹಿಡಿದು ಅಲ್ಲಿಗೆ ಬರುವ ಮಕ್ಕಳಿಗೆ ಅವನ ಹೆಸರು ತಿಳಿದಿರಲಾರದು. ಕೊನೆಯ ಸಾಲಿನಲ್ಲಿ ಕುಳಿತ ಮಗುವಿಗೂ ಅಂಗಳದ ನಡುವಿನ ಕರು ನಿಚ್ಚಳವಾಗಿ ಕಾಣುತ್ತದೆ. ಅವನಿಗೆ ಬೇಕಾಗಿದ್ದುದೂ ಅಷ್ಟೇ.